ತುಂಬುತೋಳಿನ ಅಂಗಿ

ಹಾನಗಲ್ಲು ಮಲೆನಾಡಿನ ಅಂಚಿನ ಊರಾದರೂ ಚೈತ್ರ ವೈಶಾಖಗಳಲ್ಲಿ ಅಲ್ಲಿಯ ಬಿಸಿಲು ಬಯಲುಸೀಮೆಯ ಬಿಸಿಲಿಗೆ ಸೋಲುವುದಿಲ್ಲ. ಅಂಥ ದಿನಗಳಲ್ಲಿ ಊರಿನ ಗಂಡಸರೆಲ್ಲ ಬನಿಯನ್ನಿನಲ್ಲಿಯೇ ಕಟ್ಟೆಯ ಮೇಲೆ ಕುಳಿತು ಗಾಳಿಯ ದಾರಿ ಕಾಯುತ್ತಿರುವಾಗ, ಮಾಸ್ತರರೊಬ್ಬರು ಮಾತ್ರ ತುಂಬುತೋಳಿನ ಬಿಳಿಯ ಅಂಗಿಯನ್ನು ತೊಟ್ಟು, ಮುಂಗೈಯ ಗುಂಡಿಯನ್ನು ಭದ್ರವಾಗಿ ಹಾಕಿಕೊಂಡು, ತಾರಕೇಶ್ವರ ಗುಡಿಯ ಮುಂದಿನಿಂದ ಶಾಲೆಗೆ ನಡೆದು ಹೋಗುತ್ತಿದ್ದರು. ಹಿರಿಯರು ಇದನ್ನು ಶಿಸ್ತೆಂದು ಹೊಗಳಿದರು. ಹುಡುಗರು ಅಷ್ಟು ಉದಾರಿಗಳಲ್ಲ. ಅವರು ‘ಗುಂಡಿ ಮಾಸ್ತರ’ ಎಂದು ಹೆಸರಿಟ್ಟರು. ಆ ಹೆಸರು ಮಾಸ್ತರರ ಕಿವಿಗೂ ಬಿದ್ದಿತ್ತು. ಅವರು ಕೋಪಿಸಿಕೊಳ್ಳಲಿಲ್ಲ. ಅಂಗಿಯ ಒಳಗಿನ ಸಂಗತಿ ಹೊರಬೀಳುವುದಕ್ಕಿಂತ ಗುಂಡಿಯ ಹೆಸರು ಎಷ್ಟೋ ವಾಸಿಯೆಂದು ಅವರ ಲೆಕ್ಕ.

ಅಂಗಿಯ ಒಳಗೆ ಇದ್ದುದು ಎರಡು ಮೊಣಕೈಗಳ ಮೇಲೂ ಅಂಗೈಯಗಲದ ಕೆಂಪು ಮಚ್ಚೆ. ಅದರ ಮೇಲೆ ಅಭ್ರಕದ ಪದರಿನಂತೆ ಹೊಳೆಯುವ ಬೆಳ್ಳಗಿನ ಹೊಟ್ಟು. ಮೊದಲ ಬಾರಿಗೆ ಅದು ಕಾಣಿಸಿಕೊಂಡಾಗ ಅವರಿಗೆ ಮೂವತ್ತೊಂದು ವರ್ಷ. ಗಂಟಲು ಬೇನೆಯಿಂದ ನಾಲ್ಕು ದಿನ ಜ್ವರ ಬಂದು ಹೋಯಿತು. ಹದಿನೈದು ದಿನಗಳ ಮೇಲೆ ಬೆನ್ನಿನ ತುಂಬ ಮಳೆಯ ಹನಿ ಸಿಡಿದಂತೆ ಸಣ್ಣ ಸಣ್ಣ ಕೆಂಪು ಬೊಟ್ಟುಗಳೆದ್ದವು. ಅವು ಬಂದಂತೆಯೇ ಮಾಯವಾದವು. ಮರುವರ್ಷ ಸೈಕಲ್ಲಿನಿಂದ ಬಿದ್ದು ಮೊಣಕೈ ತರಚಿತು. ಗಾಯ ಮಾಯಿತು, ಆದರೆ ಆ ಜಾಗದಲ್ಲಿ ಮಚ್ಚೆ ಉಳಿಯಿತು. ಚರ್ಮಕ್ಕೆ ಪೆಟ್ಟು ಬಿದ್ದಲ್ಲಿಯೇ ಹೀಗೆ ಹೊಸ ಮಚ್ಚೆ ಏಳುವುದುಂಟೆಂಬುದನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕೋಬ್ನರ್ ಎಂಬ ಜರ್ಮನ್ ವೈದ್ಯ ಗುರುತಿಸಿದ್ದನೆಂಬುದು ಮಾಸ್ತರರಿಗೆ ಆಗ ಹೇಗೆ ತಿಳಿಯಬೇಕು? ಮನೆಯ ಹಿರಿಯಳು ಅದನ್ನು ಇಸಬೆಂದಳು. ನೆರೆಯವರು ಗಜಕರ್ಣವೆಂದರು. ಸವಣೂರಿನ ಅತ್ತೆಯ ಮನೆಯವರು ನಾಗದೋಷವೆಂದು ನಿರ್ಣಯಿಸಿ ಶಾಂತಿಯನ್ನೂ ಮಾಡಿಸಿದರು. ಶಾಂತಿಯಾಯಿತು, ಖರ್ಚಾಯಿತು, ಮಚ್ಚೆ ಹಾಗೆಯೇ ಉಳಿಯಿತು. ಅದಕ್ಕೆ ಸೋರಿಯಾಸಿಸ್ ಎಂಬ ಹೆಸರಿದೆಯೆಂದು ಹೇಳುವ ವೈದ್ಯರು ಸಿಕ್ಕುವ ಹೊತ್ತಿಗೆ ಆರು ವರ್ಷ ಕಳೆದಿದ್ದವು.

ಹೆಸರು ಸಿಕ್ಕಿದರೆ ಅರ್ಧ ಭಯ ಹೋಗುತ್ತದೆನ್ನುತ್ತಾರೆ. ಈ ರೋಗದ ಮಟ್ಟಿಗೆ ಆ ಮಾತು ನಿಜವಲ್ಲ. ಏಕೆಂದರೆ ಭಯವು ರೋಗಿಗಿಂತ ಹೆಚ್ಚಾಗಿ ನೋಡುವವರ ಕಣ್ಣಿನಲ್ಲಿ ಇರುತ್ತದೆ. ನಮ್ಮ ಹಳೆಯ ವೈದ್ಯಶಾಸ್ತ್ರದಲ್ಲಿ ‘ಕುಷ್ಠ’ವೆಂಬುದು ಒಂದೇ ರೋಗದ ಹೆಸರಲ್ಲ; ಚರಕನು ಹದಿನೆಂಟು ಬಗೆಗಳನ್ನು ಹೇಳಿ, ಏಳನ್ನು ಮಹಾಕುಷ್ಠವೆಂದೂ ಹನ್ನೊಂದನ್ನು ಕ್ಷುದ್ರಕುಷ್ಠವೆಂದೂ ವಿಂಗಡಿಸಿದ್ದಾನೆ. ಈ ಹನ್ನೊಂದರಲ್ಲಿ ಬರುವ ಏಕಕುಷ್ಠ, ಕಿಟಿಭಗಳ ವರ್ಣನೆಯನ್ನು ಓದಿದ ವೈದ್ಯರು ಅದು ಸೋರಿಯಾಸಿಸ್ಸಿಗೆ ಹತ್ತಿರವೆಂದು ಹೇಳುವುದುಂಟು. ಪಂಡಿತರಿಗೆ ವಿಂಗಡಣೆ ಗೊತ್ತು. ಪಂಕ್ತಿಯಲ್ಲಿ ಊಟಕ್ಕೆ ಕುಳಿತವರಿಗೆ ಗೊತ್ತಿಲ್ಲ. ಅವರಿಗೆ ಹೊಟ್ಟು ಉದುರುವ ಚರ್ಮವೆಲ್ಲ ‘ದೊಡ್ಡ ರೋಗ’ವೇ. ಯುರೋಪಿನಲ್ಲಿಯೂ ಬಹುಕಾಲ ಇದೇ ಅವಸ್ಥೆ. ಲಂಡನ್ನಿನ ರಾಬರ್ಟ್ ವಿಲನ್ ಈ ರೋಗವನ್ನು ಚೆನ್ನಾಗಿ ವರ್ಣಿಸಿದನಾದರೂ ಕುಷ್ಠದ ಹೆಸರನ್ನು ಪೂರ್ತಿಯಾಗಿ ಬಿಡಿಸಲಾರದೆ ಹೋದ. 1841ರಲ್ಲಿ ವಿಯೆನ್ನಾದ ಹೆಬ್ರಾ ಎಂಬ ವೈದ್ಯನು ಇವೆರಡೂ ಬೇರೆ ಬೇರೆಯೆಂದು ನಿಶ್ಚಯವಾಗಿ ಸಾರಿದ ಮೇಲೆಯೇ ಗೊಂದಲ ಹರಿದದ್ದು. ಅಂದರೆ ಪುಸ್ತಕಗಳಲ್ಲಿ ಹರಿದದ್ದು. ಶಿಗ್ಗಾವಿಯ ಒಂದು ಮದುವೆಮನೆಯಲ್ಲಿ ಅದು ಹರಿದಿರಲಿಲ್ಲ.

ಆ ಮದುವೆಯಲ್ಲಿ ಮಾಸ್ತರರು ಕೈತೊಳೆಯಲೆಂದು ತೋಳನ್ನು ಒಂದು ಮಡಿಕೆ ಏರಿಸಿದರು. ಅಷ್ಟೇ. ಪಂಕ್ತಿಯಲ್ಲಿ ಅವರ ಎಡಕ್ಕೆ ಕುಳಿತಿದ್ದವರಿಗೆ ಏಕಾಏಕಿ ಯಾರದೋ ನೆನಪಾಗಿ ಎದ್ದು ಹೋದರು. ಬಲಕ್ಕೆ ಕುಳಿತವರು ಎಲೆಯನ್ನು ನಾಲ್ಕು ಬೆರಳು ಆಚೆಗೆ ಸರಿಸಿಕೊಂಡರು. ಬಡಿಸುವ ಹುಡುಗ ಜಿಲೇಬಿಯನ್ನು ಸ್ವಲ್ಪ ಎತ್ತರದಿಂದ ಬಿಟ್ಟ. ಯಾರೂ ಒಂದು ಮಾತನ್ನೂ ಆಡಲಿಲ್ಲ. ಆಡಿದ್ದರೆ ಉತ್ತರ ಕೊಡಬಹುದಿತ್ತು. ಸವಣೂರಿನಲ್ಲಿ ಕ್ಷೌರದ ಅಂಗಡಿಯವನೊಬ್ಬನು ಅವರ ತಲೆಯ ಹಿಂಬದಿಯ ಹೊಟ್ಟನ್ನು ಕಂಡು, “ಇವತ್ತ ಕತ್ತರಿ ಮೊಂಡ ಆಗೇತ್ರೀ, ನಾಳಿ ಬರ್ರಿ” ಎಂದಿದ್ದನು. ಆ ಊರಿನ ಮಠದ ಆವರಣದಲ್ಲಿ ದೊಡ್ಡಹುಣಸೆಯೆಂದು ಕರೆಯುವ ಮೂರು ಬೃಹದಾಕಾರದ ಮರಗಳಿವೆ. ಆಫ್ರಿಕದ ಮೂಲದ, ಆನೆಯ ಮೈಯಂಥ ತೊಗಟೆಯ ಮರಗಳು. ಅಂದು ಮಾಸ್ತರರು ಕ್ಷೌರವಿಲ್ಲದೆ ಅಲ್ಲಿ ಹೋಗಿ ಬಹಳ ಹೊತ್ತು ಕುಳಿತಿದ್ದರು. ಸುಕ್ಕುಗಟ್ಟಿದ ಆ ತೊಗಟೆಯನ್ನು ನೋಡಲು ಊರೂರಿನಿಂದ ಜನ ಬರುತ್ತಾರಲ್ಲ ಎಂದು ಅವರಿಗೆ ನಗು ಬಂದಿತಂತೆ. ಈ ಸಂಗತಿಯನ್ನು ಅವರು ಹೆಂಡತಿಗೆ ಹೇಳಿದ್ದು ಹತ್ತು ವರ್ಷಗಳ ಮೇಲೆ.

ಅವಮಾನವು ಮನುಷ್ಯನನ್ನು ಆತುರಕ್ಕೆ ಹಚ್ಚುತ್ತದೆ. ಆತುರವು ತಪ್ಪು ಬಾಗಿಲಿಗೆ ಕರೆದೊಯ್ಯುತ್ತದೆ. ಮಾಸ್ತರರಿಗೆ ಒಂದೂರಿನಲ್ಲಿ ಒಬ್ಬರು ಸೂಜಿ ಹಾಕಿದರು. ‘ಮೂರೇ ಸೂಜಿ, ಮೈ ಬಂಗಾರ’ ಎಂದರು. ನಿಜಕ್ಕೂ ಮೂರು ವಾರಗಳಲ್ಲಿ ಮೊಣಕೈ ನುಣುಪಾಯಿತು. ಮಾಸ್ತರರು ಅರ್ಧತೋಳಿನ ಎರಡು ಅಂಗಿಗಳನ್ನು ಹೊಲಿಸಲು ಕೊಟ್ಟರು. ಅಂಗಿಗಳು ದರ್ಜಿಯಿಂದ ಬರುವ ಮೊದಲೇ, ಸೂಜಿ ನಿಲ್ಲಿಸಿದ ಮೇಲೆ, ಮೈಯೆಲ್ಲ ಕೆಂಡದಂತೆ ಕೆಂಪಾಗಿ, ಚಳಿ ಹಿಡಿದು, ಹಾಸಿಗೆಯ ತುಂಬ ಚರ್ಮ ಉದುರತೊಡಗಿತು. ಅವರನ್ನು ಬಾಡಿಗೆಯ ಗಾಡಿಯಲ್ಲಿ ಮಲಗಿಸಿಕೊಂಡು ಹುಬ್ಬಳ್ಳಿಗೆ ಒಯ್ಯಬೇಕಾಯಿತು. ಆ ಸೂಜಿಯಲ್ಲಿ ಇದ್ದುದು ಸ್ಟೆರಾಯ್ಡು. ಸೋರಿಯಾಸಿಸ್ ಇರುವವರ ಹೊಟ್ಟೆಗೋ ರಕ್ತಕ್ಕೋ ಸ್ಟೆರಾಯ್ಡನ್ನು ಕೊಟ್ಟು ತಟ್ಟನೆ ನಿಲ್ಲಿಸಿದರೆ ರೋಗವು ಮೊದಲಿಗಿಂತ ಉಗ್ರವಾಗಿ ಮೈಮೇಲೆ ಬೀಳಬಹುದು; ಕೆಲವರಿಗೆ ಕೀವಿನ ಗುಳ್ಳೆಗಳೇಳುತ್ತವೆ, ಕೆಲವರಿಗೆ ಮಾಸ್ತರರಿಗಾದಂತೆ ಸರ್ವಾಂಗವೂ ಕೆಂಪಾಗಿ ಪ್ರಾಣಕ್ಕೇ ಸಂಚಕಾರ ಬರುತ್ತದೆ. ಹಚ್ಚುವ ಸ್ಟೆರಾಯ್ಡು ಮುಲಾಮು ತಜ್ಞರ ಕೈಯಲ್ಲಿ ಒಳ್ಳೆಯ ಔಷಧವೇ. ಆದರೆ ಅಂಗಡಿಯಿಂದ ತಾನೇ ಕೊಂಡು ತಿಂಗಳುಗಟ್ಟಲೆ ತಿಕ್ಕಿಕೊಳ್ಳುವ ಅಭ್ಯಾಸ ನಮ್ಮ ದೇಶದಲ್ಲಿ ಎಷ್ಟು ಬೆಳೆಯಿತೆಂದರೆ, 2018ರಲ್ಲಿ ಸರಕಾರವು ಅಂಥ ಹದಿನಾಲ್ಕು ಬಗೆಯ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಆಜ್ಞೆ ಹೊರಡಿಸಬೇಕಾಯಿತು. ಆಜ್ಞೆಯನ್ನು ಓದಿದ ಅಂಗಡಿಗಳೂ ಉಂಟು, ಓದದ ಅಂಗಡಿಗಳೂ ಉಂಟು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಾಸ್ತರರು ಹನ್ನೊಂದು ದಿನ ಇದ್ದರು. ಅಲ್ಲಿಯ ವೈದ್ಯೆ ವಯಸ್ಸಿನಲ್ಲಿ ಅವರ ಹಳೆಯ ವಿದ್ಯಾರ್ಥಿನಿಯಂತಿದ್ದಳು. ಉರಿ ಇಳಿದ ದಿನ ಮಾಸ್ತರರು ಕೇಳಿದ ಮೊದಲ ಪ್ರಶ್ನೆ ಔಷಧದ್ದಲ್ಲ.

“ಬಾಯಾರ, ಇದು ಯಾವ ಪಾಪದ ಫಲಾರೀ?”

“ಪಾಪ ಗೀಪ ಏನಿಲ್ರೀ ಸರ. ನಿಮ್ಮ ವರ್ಗದಾಗ ಮಾನಿಟರ್ ಇರ್ತಾನಲ್ರೀ?”

“ಇರ್ತಾನ್ರೀ.”

“ಅಂವನ ಹುಡುಗರ ಜೋಡಿ ಸೇರಿ ಗದ್ದಲ ಹಾಕಾಕತ್ತಿದ್ರ?”

ಮಾಸ್ತರರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಾಗಿರಲಿಲ್ಲ. ಮೂವತ್ತು ವರ್ಷ ಅವರು ಈ ದೃಶ್ಯವನ್ನು ಕಂಡವರು. ಆದರೂ ಆ ವೈದ್ಯೆ ಪುಣ್ಯಾತ್ಮಳು. ಸರದಿಯ ನಡುವೆ ಬಿಡುವಾದಾಗಲೆಲ್ಲ ಹಾಸಿಗೆಯ ಪಕ್ಕದಲ್ಲಿ ನಿಂತು ಕಂತು ಕಂತಾಗಿ ತಿಳಿಸಿಕೊಟ್ಟಳು.

ನಮ್ಮ ಚರ್ಮದ ತಳದಲ್ಲಿ ಹುಟ್ಟಿದ ಕಣವೊಂದು ಮೇಲಕ್ಕೆ ಸಾಗಿ, ಒಣಗಿ, ಉದುರಿಹೋಗಲು ಸಾಮಾನ್ಯವಾಗಿ ಒಂದು ತಿಂಗಳು ಹಿಡಿಯುತ್ತದೆ. ಸೋರಿಯಾಸಿಸ್ಸಿನ ಮಚ್ಚೆಯಲ್ಲಿ ಇದೇ ಪ್ರಯಾಣ ನಾಲ್ಕಾರು ದಿನಗಳಲ್ಲಿ ಮುಗಿಯುತ್ತದೆ. ಬಲಿಯದ ಕಣಗಳು ಒಂದರ ಮೇಲೊಂದು ಒಟ್ಟಿಕೊಳ್ಳುತ್ತವೆ. ಅದೇ ಆ ಬೆಳ್ಳಿಯ ಹೊಟ್ಟು. ಹೀಗೆ ಅವಸರಪಡಿಸುವವರು ಯಾರು? ರಕ್ತದಲ್ಲಿ ಸಂಚರಿಸುತ್ತ ರೋಗಾಣುಗಳೊಡನೆ ಕಾದಾಡುವ ಟಿ ಕಣಗಳೆಂಬ ನಮ್ಮದೇ ಸೈನಿಕರು. ಶತ್ರುವಿಲ್ಲದಿದ್ದರೂ ಶತ್ರು ಬಂದನೆಂದು ಭ್ರಮಿಸಿ ಅವು ಚರ್ಮದಲ್ಲಿ ಬೀಡುಬಿಡುತ್ತವೆ. ಇಂಟರ್‌ಲ್ಯೂಕಿನ್ 23 ಎಂಬ ಸಂದೇಶವಸ್ತು ಅವನ್ನು ಹುರಿದುಂಬಿಸುತ್ತದೆ. ಅವು ಇಂಟರ್‌ಲ್ಯೂಕಿನ್ 17 ಎಂಬುದನ್ನು ಸೂಸುತ್ತವೆ. ಅದು ತಾಗಿದ ಚರ್ಮ ಕೆರಳಿ ಬೆಳೆಯುತ್ತದೆ. ಸೈನ್ಯವೆಂದ ಮೇಲೆ ಅದನ್ನು ತಡೆದು ನಿಲ್ಲಿಸುವವರೂ ಇರಬೇಕಷ್ಟೆ. ಅಂಥ ಕಣಗಳೂ ನಮ್ಮ ಮೈಯಲ್ಲಿವೆ. ನಿಯಂತ್ರಕ ಟಿ ಕಣಗಳೆಂದು ಅವುಗಳ ಹೆಸರು.

ಈ ನಿಯಂತ್ರಕರ ಪತ್ತೆಯಾದ ಕಥೆ ಈ ಪುಟಗಳಲ್ಲಿ ಬರುವ ಯಾವ ಧಾರಾವಾಹಿಗೂ ಕಡಿಮೆಯದಲ್ಲ. ಎದೆಗೂಡಿನಲ್ಲಿ ಥೈಮಸ್ ಎಂಬ ಗ್ರಂಥಿಯಿದೆ. ಟಿ ಕಣಗಳು ಬಲಿಯುವ ಗರಡಿಮನೆ ಅದು. ಹುಟ್ಟಿ ಮೂರು ದಿನವಾದ ಇಲಿಮರಿಗಳಿಂದ ಅದನ್ನು ಕಿತ್ತರೆ ರಕ್ಷಣಾಶಕ್ತಿ ಕುಂದಬೇಕು. ಆದರೆ ಜಪಾನಿನ ಸಂಶೋಧಕರು ಹಾಗೆ ಮಾಡಿ ನೋಡಿದಾಗ ಆ ಶಕ್ತಿ ಹುಚ್ಚೆದ್ದು ಇಲಿಗಳ ಸ್ವಂತ ಅಂಗಗಳನ್ನೇ ಹಾಳುಮಾಡಿತು. ಹಾಗಾದರೆ ಆ ಗ್ರಂಥಿಯಿಂದ ಸೈನಿಕರು ಮಾತ್ರವಲ್ಲ, ಕಾವಲಿನವರೂ ಹೊರಡುತ್ತಿರಬೇಕು! 1970ರ ದಶಕದಲ್ಲಿ ಇಂಥ ‘ದಮನಕಾರಿ’ ಕಣಗಳ ಮಾತು ವಿದ್ವಾಂಸರಲ್ಲಿ ಬಹಳವಾಗಿತ್ತು. ಆಧಾರಗಳು ಕುಸಿದ ಮೇಲೆ ಆ ಮಾತನ್ನೆತ್ತುವುದೇ ನಗೆಪಾಟಲೆನ್ನಿಸಿತು. ಶಿಮೊನ್ ಸಕಾಗುಚಿ ಎಂಬವರು ಮಾತ್ರ ಹಟ ಬಿಡಲಿಲ್ಲ. 1995ರಲ್ಲಿ ಅವರು ಸಿಡಿ25 ಎಂಬ ಗುರುತನ್ನು ಹೊತ್ತ ಒಂದು ವರ್ಗದ ಟಿ ಕಣಗಳನ್ನು ಬೇರ್ಪಡಿಸಿ ತೋರಿಸಿದರು. ಅವಿಲ್ಲದೆ ಉಳಿದ ಕಣಗಳನ್ನಷ್ಟೇ ಸೂಜಿಯಿಂದ ಕೊಟ್ಟರೆ ಇಲಿಗೆ ರೋಗ. ಅವನ್ನೂ ಬೆರೆಸಿದರೆ ರೋಗವಿಲ್ಲ.

ಕಥೆಯ ಎರಡನೆಯ ಎಳೆ ಅಮೆರಿಕದ್ದು. 1940ರ ದಶಕದಲ್ಲಿ ಟೆನೆಸಿಯ ಓಕ್ ರಿಜ್ ಎಂಬಲ್ಲಿ ವಿಕಿರಣದ ಪರಿಣಾಮವನ್ನು ಅರಿಯಲು ಸಾಕಿದ್ದ ಇಲಿಗಳಲ್ಲಿ ಕೆಲವು ಗಂಡುಮರಿಗಳು ಮೈಯೆಲ್ಲ ಹೊಟ್ಟೆದ್ದು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತಿದ್ದವು. ಅವುಗಳಿಗೆ ‘ಸ್ಕರ್ಫಿ’ ಎಂದು ಹೆಸರಾಯಿತು, ಎಂದರೆ ಹೊಟ್ಟುಮೈಯವು. ಅರ್ಧ ಶತಮಾನದ ಬಳಿಕ ಮೇರಿ ಬ್ರಂಕೋ ಮತ್ತು ಫ್ರೆಡ್ ರ‍್ಯಾಮ್ಸ್‌ಡೆಲ್ ಎಂಬಿಬ್ಬರು ಆ ಇಲಿಗಳ ದೋಷ ಯಾವ ಜೀನಿನಲ್ಲಿದೆಯೆಂದು ಹುಡುಕಹೊರಟರು. ಅನುಮಾನವಿದ್ದ ಜೀನುಗಳು ಇಪ್ಪತ್ತು. ಒಂದೊಂದಾಗಿ ನೋಡುತ್ತ ಬಂದರೆ ಕಳ್ಳ ಸಿಕ್ಕಿದ್ದು ಇಪ್ಪತ್ತನೆಯದರಲ್ಲಿ! 2001ರಲ್ಲಿ ಅವರು ಅದಕ್ಕೆ ಫಾಕ್ಸ್‌ಪಿ3 ಎಂದು ಹೆಸರಿಟ್ಟು ಪ್ರಕಟಿಸಿದರು. ಅದೇ ಜೀನು ಕೆಟ್ಟ ಗಂಡುಮಕ್ಕಳಲ್ಲಿ ಕರುಳು, ಚರ್ಮಗಳ ಬೇನೆಯೂ ಎಳವೆಯಲ್ಲಿಯೇ ಮಧುಮೇಹವೂ ಕಾಣಿಸಿಕೊಳ್ಳುವ ಮಾರಕ ರೋಗ ಬರುತ್ತದೆಂಬುದೂ ತಿಳಿಯಿತು. ಎರಡು ವರ್ಷಗಳಲ್ಲಿ ಎರಡು ಎಳೆಗಳೂ ಸೇರಿದವು. ಸಕಾಗುಚಿಯವರ ಕಾವಲುಕಣಗಳು ಹುಟ್ಟುವುದಕ್ಕೆ ಈ ಜೀನೇ ಒಡೆಯ.

2025ರ ಅಕ್ಟೋಬರ್ 6ರಂದು ಈ ಮೂವರಿಗೂ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ಘೋಷಿತವಾಯಿತು. ಬ್ರಂಕೋ ಅವರು ಸ್ವೀಡನ್ನಿನಿಂದ ಬಂದ ಕರೆಯನ್ನು ಯಾವುದೋ ಮೋಸದ ಕರೆಯೆಂದು ಬಗೆದು ಎತ್ತಲೇ ಇಲ್ಲ. ರ‍್ಯಾಮ್ಸ್‌ಡೆಲ್ ಫೋನು ತಲಪದ ಬೆಟ್ಟಗಳಲ್ಲಿ ಹೆಂಡತಿಯೊಡನೆ ಅಲೆಯುತ್ತಿದ್ದರು. ಆಕೆ ಸುದ್ದಿಯನ್ನು ಕಂಡು ಚೀರಿದಾಗ ಕರಡಿ ಬಂದಿತೆಂದು ತಿಳಿದರಂತೆ. ಮಾರನೆಯ ದಿನ ಹಾನಗಲ್ಲಿನ ವಾಚನಾಲಯದಲ್ಲಿ ಪತ್ರಿಕೆಯನ್ನು ಬಿಡಿಸಿದ ಮಾಸ್ತರರು, ಹೊಟ್ಟುಮೈಯ ಇಲಿಗಳ ಸಂಗತಿಯನ್ನು ಎರಡು ಸಲ ಓದಿದರು. ಮನೆಗೆ ಬಂದು, “ನಮ್ಮ ಕುಲದವಕ್ಕ ನೊಬೆಲ್ ಬಂತ ನೋಡ” ಎಂದು ಹೆಂಡತಿಗೆ ಹೇಳಿದರು. ಆಕೆಗೆ ಇದು ಅರ್ಥವಾಗಲಿಲ್ಲ. ಆದರೆ ಗಂಡನು ಈ ರೋಗದ ವಿಷಯದಲ್ಲಿ ನಕ್ಕದ್ದನ್ನು ಆಕೆ ಕಂಡದ್ದು ಅದೇ ಮೊದಲು.

ಸೋರಿಯಾಸಿಸ್ಸಿನಲ್ಲಿ ಈ ಕಾವಲುಗಾರರಿಗೆ ಏನಾಗುತ್ತದೆ? ಅವರ ಸಂಖ್ಯೆ ಕಡಿಮೆಯಾಗುತ್ತದೆಂದು ಯಾರಾದರೂ ಊಹಿಸಿಯಾರು. ವಿಚಿತ್ರವೆಂದರೆ, ಮಚ್ಚೆಯಲ್ಲಿ ಅವರು ಬೇಕಾದಷ್ಟು ಇರುತ್ತಾರೆ. ಕ್ಲೀವ್‌ಲ್ಯಾಂಡಿನ ಸಂಶೋಧಕರು 2005ರಲ್ಲಿ ರೋಗಿಗಳ ರಕ್ತದಿಂದಲೂ ಮಚ್ಚೆಯಿಂದಲೂ ಈ ಕಣಗಳನ್ನು ತೆಗೆದು ಪರೀಕ್ಷಿಸಿದಾಗ, ಕಣಗಳಿದ್ದರೂ ಅವುಗಳಲ್ಲಿ ತಡೆಯುವ ಕಸುವು ಇಲ್ಲವೆಂದು ಕಂಡಿತು. 2011ರಲ್ಲಿ ನೆದರ್ಲೆಂಡಿನ ನೈಮೇಖೆನ್ನಿನವರು ಇನ್ನೂ ದಿಗಿಲಿನ ಸಂಗತಿಯನ್ನು ತಿಳಿಸಿದರು: ರೋಗ ಉಗ್ರವಾಗಿರುವವರಲ್ಲಿ ಈ ಕಣಗಳು, ಆ ಇಂಟರ್‌ಲ್ಯೂಕಿನ್ 23ರ ಸಹವಾಸದಿಂದ, ತಾವೇ ಇಂಟರ್‌ಲ್ಯೂಕಿನ್ 17ನ್ನು ಸೂಸತೊಡಗುತ್ತವೆ. ಮಾನಿಟರನ ಬಿಲ್ಲೆ ಎದೆಯ ಮೇಲೆಯೇ ಇದೆ. ಕೈಯಲ್ಲಿ ಮಾತ್ರ ಕಲ್ಲು. ಹುಬ್ಬಳ್ಳಿಯ ವೈದ್ಯೆ ಹೇಳಿದ ಸಾಮತಿ ಇದೇ. ಇದೊಂದರಿಂದಲೇ ರೋಗ ಬರುತ್ತದೆನ್ನುವಂತಿಲ್ಲ. ವಂಶದ ಪಾಲಿದೆ, ಗಂಟಲ ಸೋಂಕಿದೆ, ತಂಬಾಕು ಮದ್ಯಗಳಿವೆ, ಬೊಜ್ಜಿದೆ, ಮನಸ್ಸಿನ ಕಳವಳವಿದೆ. ಮಚ್ಚೆ ಮಾಸಿದ ಮೇಲೂ ಕೆಲವು ಹೋರಾಟದ ಕಣಗಳು ಅದೇ ಜಾಗದಲ್ಲಿ ಹಳೆಯ ದ್ವೇಷವನ್ನು ನೆನಪಿಟ್ಟುಕೊಂಡು ಅಡಗಿರುತ್ತವೆ; ಮಾಯವಾದದ್ದು ಮತ್ತೆ ಅದೇ ಮೊಣಕೈಗೆ ಬರುವುದು ಇದಕ್ಕಾಗಿಯೇ.

ಚಿಕಿತ್ಸೆಯ ಮಾತೂ ಬಂದಿತು. ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಲ್ಲಿ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಯಂತ್ರದಿಂದ ಮೈಮೇಲೆ ಬಿಡುವ ಪದ್ಧತಿಯುಂಟು. ಬೆಳಕಿನ ಚಿಕಿತ್ಸೆಯ ಮೇಲೆ ರೋಗಿಗಳ ರಕ್ತದಲ್ಲಿ ನಿಯಂತ್ರಕ ಕಣಗಳು ಚೇತರಿಸಿಕೊಳ್ಳುತ್ತವೆಂದು ಜಪಾನಿನ ವೈದ್ಯರು 2013ರಲ್ಲಿ ವರದಿಮಾಡಿದರು. ಅದೇ ವರ್ಷ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಇಟೊಲಿಜುಮ್ಯಾಬ್ ಎಂಬ ಔಷಧವನ್ನು ಭಾರತದಲ್ಲಿ ಬಿಡುಗಡೆ ಮಾಡಿತು. ಮೂಲತಃ ಕ್ಯೂಬಾ ದೇಶದ ಸಂಶೋಧನಾಲಯದಲ್ಲಿ ಹುಟ್ಟಿದ ಈ ಪ್ರತಿಕಾಯವನ್ನು ನಮ್ಮ ದೇಶದ 225 ರೋಗಿಗಳ ಮೇಲೆ ಪರೀಕ್ಷಿಸಿ ನೋಡಿದ್ದರು. ಅದು ಟಿ ಕಣಗಳ ಮೇಲಿನ ಸಿಡಿ6 ಎಂಬ ಹಿಡಿಕೆಯನ್ನು ಹಿಡಿದು ಹೋರಾಟಗಾರರ ಉಬ್ಬರವನ್ನು ತಗ್ಗಿಸುತ್ತದೆ. ಇಂಟರ್‌ಲ್ಯೂಕಿನ್ನುಗಳನ್ನೇ ತಡೆಯುವ ಬೇರೆ ಔಷಧಗಳೂ ಬಂದಿವೆ, ಗುಣವೂ ಬಹಳ. ಬೆಲೆಯನ್ನು ಕೇಳಿ ಮಾಸ್ತರರು ಚಾದರವನ್ನು ಗಲ್ಲದವರೆಗೆ ಎಳೆದುಕೊಂಡರು. ಅವರಿಗೆ ಗೊತ್ತಾದುದು 1950ರ ದಶಕದಿಂದ ಬಳಕೆಯಲ್ಲಿರುವ ಮೆಥೊಟ್ರೆಕ್ಸೇಟ್ ಗುಳಿಗೆ. ವಾರಕ್ಕೆ ಒಂದೇ ದಿನ ತಕ್ಕೊಳ್ಳತಕ್ಕದ್ದು. ದಿನವೂ ನುಂಗಿ ಜೀವಕ್ಕೆ ಎರವಾದವರಿದ್ದಾರೆಂದು ವೈದ್ಯೆ ಮೂರು ಸಲ ಹೇಳಿ, ಚೀಟಿಯ ಮೇಲೆ ‘ಸೋಮವಾರ’ ಎಂದು ಬರೆದು ಅಡಿಗೆರೆ ಹಾಕಿದಳು. ಆಗಾಗ್ಗೆ ರಕ್ತವನ್ನೂ ಯಕೃತ್ತನ್ನೂ ಪರೀಕ್ಷೆ ಮಾಡಿಸಬೇಕು. ಅಂದಿನಿಂದ ಮಾಸ್ತರರಿಗೆ ಸೋಮವಾರವೆಂದರೆ ಶಿವನೂ ಗುಳಿಗೆಯೂ ಕೂಡಿಯೇ ನೆನಪಾಗುವ ದಿನ.

ಮೈ ಒಂದು ಹದಕ್ಕೆ ಬಂದಿತು. ತುಂಬುತೋಳು ಮಾತ್ರ ಇಳಿದೇ ಇತ್ತು.

ನೊಬೆಲ್ಲಿನ ಸುದ್ದಿ ಬಂದ ವರ್ಷದ ಕಾರ್ತಿಕದಲ್ಲಿಯೇ ಮಗಳಿಗೆ ಹಿರೇಕೆರೂರಿನಿಂದ ಒಂದು ಸಂಬಂಧ ಬಂದಿತು. ಹುಡುಗ ಒಳ್ಳೆಯವನು, ಮನೆಯವರಿಗೆ ಬೀಜೋತ್ಪಾದನೆಯ ಹೊಲವಿದೆ, ಹುಡುಗಿಯನ್ನು ಕಂಡು ಒಪ್ಪಿದ್ದರು. ಮಾತುಕತೆಗೆ ಹೋಗುವ ಹಿಂದಿನ ರಾತ್ರಿ ಮಾಸ್ತರರ ಹೆಂಡತಿ ಹೊಸದಾದ ತುಂಬುತೋಳಿನ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು.

“ಅಪ್ಪಾ, ಅವರಿಗೆ ಹೇಳೀಯೇನು?”

“ಏನ ಹೇಳಬೇಕವ್ವಾ?”

“ನಿನ್ನ ಕೈದು.”

ಹೆಂಡತಿಯ ಇಸ್ತ್ರಿ ನಿಂತಿತು. “ನೀ ಸುಮ್ನಿರs. ಹುಡುಗಿಯ ಮೈ ಕನ್ನಡೀಹಂಗ ಐತಿ. ಇಲ್ಲದ್ದನ್ನ ಯಾಕ ಎತ್ತಬೇಕು?” ಎಂದಳಾಕೆ.

ತಾಯಿಯ ಮಾತಿನಲ್ಲಿ ಅನ್ಯಾಯವಿರಲಿಲ್ಲ. ತಂದೆತಾಯಿಗಳಲ್ಲಿ ಒಬ್ಬರಿಗೆ ಈ ರೋಗವಿದ್ದರೆ ಮಗುವಿಗೆ ಬರುವ ಸಂಭವ ಹತ್ತರಲ್ಲಿ ಒಂದೆರಡು ಪಾಲು ಮಾತ್ರವೆನ್ನುತ್ತಾರೆ. ಬಾರದಿರುವ ಸಂಭವವೇ ಬಲು ಹೆಚ್ಚು. ಆ ಒಂದೆರಡು ಪಾಲಿಗಾಗಿ ಕೂಡಿಬಂದ ಸಂಬಂಧವನ್ನು ಕೆಡಿಸಿಕೊಳ್ಳಬೇಕೇ? ಎಷ್ಟೋ ಮನೆಗಳಲ್ಲಿ ಮಧುಮೇಹವನ್ನೂ ರಕ್ತದೊತ್ತಡವನ್ನೂ ಯಾರೂ ಜಾತಕದಲ್ಲಿ ಬರೆದುಕೊಡುವುದಿಲ್ಲ. ಆದರೆ ಮಗಳು ಹಟ ಹಿಡಿದಳು. “ನಾಳೆ ನನಗs ಬಂದ್ರ ನಾನೂ ತೋಳ ಇಳಿಸ್ಕೊಂಡ ಕೂಡ್ಲ್ಯಾ? ನೀ ಹೇಳದಿದ್ರ ನಾನs ಫೋನ್ ಮಾಡ್ತೀನಿ” ಎಂದು ಒಳಗೆ ಹೋದಳು. ಆ ರಾತ್ರಿ ಮಾಸ್ತರರಿಗೆ ಶಿಗ್ಗಾವಿಯ ಪಂಕ್ತಿ ನೆನಪಾಯಿತು. ನಾಲ್ಕು ಬೆರಳು ಆಚೆ ಸರಿದ ಆ ಎಲೆ ನೆನಪಾಯಿತು.

ಹಿರೇಕೆರೂರಿನ ಪಡಸಾಲೆಯಲ್ಲಿ ಅವಲಕ್ಕಿ, ಚಹಾ ಮುಗಿದವು. ಹುಡುಗನ ತಂದೆ ಮುಹೂರ್ತದ ಮಾತನ್ನೆತ್ತುವಷ್ಟರಲ್ಲಿ ಮಾಸ್ತರರು, “ಬೀಗರs, ಒಂದ ಮಾತೈತ್ರೀ” ಎಂದು ಎರಡು ಮುಂಗೈಗಳ ಗುಂಡಿಗಳನ್ನೂ ಬಿಚ್ಚಿ, ತೋಳುಗಳನ್ನು ಮೊಣಕೈಯ ಮೇಲಕ್ಕೆ ಮಡಿಚಿದರು. ಹತ್ತೊಂಬತ್ತು ವರ್ಷಗಳಲ್ಲಿ ಅವರು ವೈದ್ಯರಲ್ಲದವರ ಎದುರಿಗೆ ಹೀಗೆ ಮಾಡಿದ್ದು ಅದೇ ಮೊದಲು. ಬಳಿಕ ಪಾಠ ಹೇಳುವ ದನಿಯಲ್ಲಿ ಎಲ್ಲವನ್ನೂ ಹೇಳಿದರು: ಇದು ಅಂಟುವುದಲ್ಲ, 2014ರಲ್ಲಿ ವಿಶ್ವ ಆರೋಗ್ಯ ಸಭೆಯೇ ಹಾಗೆಂದು ನಿರ್ಣಯ ಮಾಡಿದೆ, ಪೂರ್ತಿ ವಾಸಿಯಾಗುವುದೂ ಅಲ್ಲ, ಮಗಳಿಗೆ ಇಲ್ಲ, ಬಾರದೆಂದು ಮಾತು ಕೊಡಲಾರೆ. ಮಾನಿಟರನ ಕಥೆಯನ್ನೂ ಹೇಳಿದರು. ಹುಡುಗ ಮಧ್ಯೆ ಎರಡು ಪ್ರಶ್ನೆ ಕೇಳಿದ. ಹುಡುಗನ ಚಿಕ್ಕಪ್ಪನೊಬ್ಬನು ಖುರ್ಚಿಯನ್ನು ತುಸು ಹಿಂದಕ್ಕೆ ಸರಿಸಿಕೊಂಡನು. ಹುಡುಗನ ತಂದೆ ಏನನ್ನೂ ಆಡದೆ ಬಹಳ ಹೊತ್ತು ನೆಲ ನೋಡುತ್ತಿದ್ದು, “ಎಂಟ ದಿನ ಟೈಮ್ ಕೊಡ್ರಿ ಮಾಸ್ತರ” ಎಂದರು.

ಎಂಟು ದಿನ ಕಳೆಯಿತು. ಒಂಬತ್ತನೆಯ ದಿನವೂ ಕಳೆಯಿತು. ಹೆಂಡತಿ ಗಂಡನೊಡನೆಯೂ ಮಗಳೊಡನೆಯೂ ಮಾತು ಬಿಟ್ಟಳು. ಹನ್ನೆರಡನೆಯ ದಿನ ಹುಡುಗನ ತಾಯಿಯೇ ಫೋನು ಮಾಡಿದಳು. ಮಗ ದಾವಣಗೆರೆಗೆ ಹೋಗಿ ಚರ್ಮದ ಡಾಕ್ಟರರನ್ನು ಕಂಡು ಎಲ್ಲವನ್ನೂ ಕೇಳಿಕೊಂಡು ಬಂದನಂತೆ. ಚಿಕ್ಕಪ್ಪನು ಮಾತ್ರ ಇನ್ನೂ ಒಪ್ಪಿಲ್ಲವಂತೆ. ಅವನು ಒಪ್ಪುವವರೆಗೆ ಕಾಯುವುದಾದರೆ ಮಗನು ಮುದುಕನಾಗುತ್ತಾನೆಂದು ಆಕೆಯ ಅಭಿಪ್ರಾಯ. ಸೀರೆ ತೆಗೆಯಲು ಎಂದು ಬರುತ್ತೀರೆಂದು ಕೇಳಿದಳು.

ಸೀರೆಗೆಂದು ಎರಡು ಮನೆಯವರೂ ಕೂಡಿಕೊಂಡದ್ದು ಹುಬ್ಬಳ್ಳಿಯಲ್ಲಿ. ಹಾನಗಲ್ಲಿನಿಂದ ಹೊರಟ ಬಸ್ಸು ಶಿಗ್ಗಾವಿ ದಾಟುವಾಗ ಮಾಸ್ತರರ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು, ನಾಲ್ಕೈದು ವರ್ಷದವಳು, ಅವರ ಮೊಣಕೈಯನ್ನು ಬೆರಳಿನಿಂದ ತೋರಿಸಿ, “ಅಜ್ಜಾ, ಇದೇನ?” ಎಂದಳು. ಅವಳ ತಾಯಿ ಗಾಬರಿಯಿಂದ ಮಗಳ ಕೈಯನ್ನು ಹಿಂದಕ್ಕೆಳೆದಳು. ಮಾಸ್ತರರು ಆ ದಿನ ಹಾಕಿದ್ದುದು, ಹುಬ್ಬಳ್ಳಿಯ ಆಸ್ಪತ್ರೆಗೆ ಹೋಗುವ ಮುನ್ನ ಹೊಲಿಸಲು ಕೊಟ್ಟು ಮೂರು ವರ್ಷ ಪೆಟ್ಟಿಗೆಯಲ್ಲಿ ಮಡಿಚಿಟ್ಟಿದ್ದ ಆ ಅರ್ಧತೋಳಿನ ಅಂಗಿ. ಅದು ಹೊಟ್ಟೆಯ ಬಳಿ ಸ್ವಲ್ಪ ಬಿಗಿಯಾಗಿತ್ತು.

“ಇರ್ಲಿ ಬಿಡವ್ವಾ, ಕೇಳ್ಲಿ” ಎಂದು ಮಾಸ್ತರರು ಹುಡುಗಿಯ ಕಡೆಗೆ ತಿರುಗಿ, ಅವಳ ಶಾಲೆಯಲ್ಲಿ ಮಾನಿಟರ್ ಯಾರೆಂದು ವಿಚಾರಿಸಿದರು.